ಗಿಲೀಟಿನ ಅವಲಕ್ಕಿ ಸರ

ನನ್ನ ದೊಡ್ಡಮ್ಮನಿಗೆ ಚಿನ್ನದ ಆಸೆ ಇರಲಿಲ್ಲ ಎಂದರೆ ಯಾರೂ ನಂಬುತ್ತಿರಲಿಲ್ಲ. ಅರವತ್ತರ ದಶಕದ ಆರಂಭದಲ್ಲಿ, ಹೈಸ್ಕೂಲಿಗೆಂದು ನಾನು ಪುತ್ತೂರಿನ ಅವರ ಮನೆಯಲ್ಲಿದ್ದೆ. ದಿನಾ ಕಣ್ಣಾರೆ ಕಂಡವಳು ಹೇಳುತ್ತಿದ್ದೇನೆ, ಅವರ ಜೀವ ಇದ್ದದ್ದು ಗಿಲೀಟಿನ ಒಡವೆಗಳಲ್ಲಿ. ಅದೂ ಅಂಗಡಿಯ ಹೊಸ ಗಿಲೀಟಲ್ಲ. ಯಾರದೋ ಅಜ್ಜಿ ಹಾಕಿ ಬಿಟ್ಟ ಬೆಂಡೋಲೆ, ಕಲ್ಲು ಬಿದ್ದ ಪದಕ, ಜೋಡಿ ಕಳೆದುಕೊಂಡ ಜುಮುಕಿ. ಯಾರ ಮನೆಗೆ ಹೋದರೂ ಕುಡಿಯಲು ಕೊಟ್ಟ ಬೆಲ್ಲ ನೀರು ಮುಗಿಯುವ ಮೊದಲೇ, "ನಿಮ್ಮಲ್ಲಿ ಹಳೆ ಗಿಲೀಟು ಎಂತಾದ್ರೂ ಉಂಟಾ?" ಎಂದು ಕೇಳಿಬಿಡುತ್ತಿದ್ದರು. ಭೂಮಿ ಬಾಯಿ ಬಿಡಬಾರದೇ ಎಂದು ನನಗೆ ಅನಿಸುತ್ತಿತ್ತು.

ಅವನ್ನೆಲ್ಲ ಒಂದು ಬಿಸ್ಕೆಟ್ ಡಬ್ಬಿಯಲ್ಲಿ ಇಡುತ್ತಿದ್ದರು. ಮಳೆಗಾಲದಲ್ಲಿ ಹಸಿರು ಹಿಡಿಯದಿರಲಿ ಎಂದು ಅಡಿಯಲ್ಲಿ ಒಲೆಯ ಇದ್ದಿಲು, ಅದರ ಮೇಲೆ ಬಟ್ಟೆ. ಬಿದ್ದ ಕಲ್ಲನ್ನು ಅರಗು ಕಾಯಿಸಿ ತಾವೇ ಕೂರಿಸುತ್ತಿದ್ದರು. ಬೆವರು ತಾಗಿದರೆ ಬಣ್ಣ ಹೋಗುತ್ತದೆಂದು ಮೊದಲು ಕುತ್ತಿಗೆಗೆ ಪೌಡರ್, ಎಲ್ಲ ಉಡುಗೆ ಮುಗಿದ ಮೇಲೆ ಸರ. ಸಂತೆಯಿಂದ ಬಸಳೆ ತರುವುದಕ್ಕೂ ಇಷ್ಟೇ ಶಾಸ್ತ್ರ. ದೊಡ್ಡಪ್ಪ ಪೇಟೆಯಲ್ಲಿ ಬಟ್ಟೆ ಹೊಲಿಯುತ್ತಿದ್ದವರು, ಬಹಳ ಪಾಪದ ಜನ. "ಇವತ್ತು ಯಾವ ಊರಿನ ರಾಣಿ ಮಾರಾಯ್ತಿ?" ಎಂದು ಕೇಳಿ ಚಾ ಕುಡಿದು ಅಂಗಡಿಗೆ ಹೋಗುತ್ತಿದ್ದರು. ಊರಿಗೆಲ್ಲ ಒಂದು ದಾರಿಯಾದರೆ ನಮ್ಮ ದೊಡ್ಡಮ್ಮನಿಗೇ ಒಂದು ದಾರಿ.

ಅಷ್ಟು ಒಡವೆಗಳಲ್ಲಿ ಅವರ ಪ್ರಾಣ ಒಂದು ಅವಲಕ್ಕಿ ಸರ. ಅವಲಕ್ಕಿಯಂಥ ಚಪ್ಪಟೆ ಮಣಿಗಳನ್ನು ಒತ್ತಾಗಿ ಪೋಣಿಸಿದ್ದು. ಪೇಟೆಯ ಫ್ಯಾನ್ಸಿ ಅಂಗಡಿಯ ಬ್ಯಾರಿಯವರು ಈಶ್ವರಮಂಗಲದ ಯಾವುದೋ ಮನೆಯಿಂದ ಅದನ್ನು ತಂದು, ಇವರಿಗೆಂದೇ ತೆಗೆದಿಟ್ಟಿದ್ದರು. "ಹಳೇ ಕೈಯ ಕೆಲಸ ಅಕ್ಕ, ಈಗಿನವ್ರಿಗೆ ಇದು ಬರುದಿಲ್ಲ" ಎಂದಿದ್ದರು. ಆ ದಿನ ದೊಡ್ಡಮ್ಮ ಅನ್ನಕ್ಕೆ ನೀರಿಡುವುದನ್ನೇ ಮರೆತರು. ನಿಜ ಹೇಳಬೇಕೆಂದರೆ ಆ ಸರ ನನಗೂ ತುಂಬ ಇಷ್ಟ. ಹೇಳಿದರೆ ಅವರನ್ನು ಹಿಡಿಯುವವರಿಲ್ಲ ಎಂದು ಬಾಯಿ ಬಿಡಲಿಲ್ಲ.

ಒಂದು ಬೇಸಿಗೆಯಲ್ಲಿ ಕಡಬದಿಂದ ಚಿಕ್ಕಮ್ಮ ಬಂದರು. ಚಿಕ್ಕಮ್ಮ ಎಂದರೆ ದೊಡ್ಡಮ್ಮನ ಕೊನೆಯ ತಂಗಿ. ಮಗಳ ಮದುವೆಯ ಹೇಳಿಕೆ ಹೇಳಿ, ಎದ್ದು ಹೊರಡುವ ಹೊತ್ತಿಗೆ ವಿಷಯ ತೆಗೆದರು.

"ಅಕ್ಕ, ಗಂಡಿನ ಕಡೆಯವ್ರು ದೊಡ್ಡ ಜನ. ಆ ಒಂದು ದಿನ ನಿನ್ನ ಗಿಲೀಟು ಬೇಡ. ನಿಂಗೆ ಹಾಕ್ಲಿಕ್ಕೆ ಚಿನ್ನದ್ದು ಒಂದು ಕೇಳಿ ಇಟ್ಟಿದ್ದೇನೆ."

ದೊಡ್ಡಮ್ಮ ನನ್ನ ಕಡೆ ತಿರುಗಿದರು. "ನೀನು ಎಂತ ಹೇಳ್ತಿ? ಸರ ಅಷ್ಟು ಕೆಟ್ಟದಾಗಿ ಉಂಟಾ?"

"ಬೇಡ ದೊಡ್ಡಮ್ಮ. ಎಲ್ರೂ ನಗಾಡ್ತಾರೆ" ಎಂದೆ ನಾನು.

ಅವರು ಆಯಿತು ಎಂದರು, ಅಷ್ಟೇ. ಒಂದು ಬೈಗುಳವಾದರೂ ಬಿದ್ದಿದ್ದರೆ ನನಗೆ ಇಷ್ಟು ಕಾಲ ಚುಚ್ಚುತ್ತಿರಲಿಲ್ಲ. ಆ ಹದಿಮೂರರ ಹುಡುಗಿಯ ಕಿವಿ ಹಿಂಡಬೇಕೆಂದು ಈಗಲೂ ನನಗೆ ಅನಿಸುತ್ತದೆ.

ಧಾರೆಯ ದಿನ ಕಡಬದಲ್ಲಿ ಚಿಕ್ಕಮ್ಮ ದೊಡ್ಡಮ್ಮನ ಕುತ್ತಿಗೆಗೆ ಎರವಲಿನ ಚಿನ್ನದ ಸರ ಹಾಕಿದರು. ಮದುಮಗಳ ಮೈಮೇಲಿನದೂ ಮೂರು ಮನೆಯ ಎರವಲೇ. ನಮ್ಮ ಕಡೆ ಆಗ ಅದೇನೂ ಗುಟ್ಟಲ್ಲ, ಅವಮಾನವೂ ಅಲ್ಲ. ಇವತ್ತು ಅವರದು ಇವರಿಗೆ, ನಾಳೆ ಇವರದು ಅವರಿಗೆ. ಆದರೆ ದೊಡ್ಡಮ್ಮನಿಗೆ ಅದು ಒಗ್ಗಲಿಲ್ಲ. ಹೋದ ಮದುವೆಗಳಲ್ಲೆಲ್ಲ ಅಡುಗೆಯವರ ಹತ್ತಿರ ಹೋಗಿ ಸಾಂಬಾರಿಗೆ ಉಪ್ಪು ಹೇಳುವ ಹೆಂಗಸು ಅಂದು ಗೋಡೆಗೆ ಒರಗಿ ಕೂತು, ಎಡಗೈಯಲ್ಲಿ ಸರ ಹಿಡಿದುಕೊಂಡೇ ಇದ್ದರು. ಊಟಕ್ಕೆ ಕೂತಾಗಲೂ ಕೈ ತೆಗೆಯಲಿಲ್ಲ. ಪಾಯಸ ಎರಡನೇ ಸಲ ಬಂದಾಗ ಬೇಡವೆಂದರು. ಅವರು ಪಾಯಸ ಬೇಡ ಎಂದದ್ದನ್ನು ನಾನು ಕಂಡದ್ದು ಅದೇ ಮೊದಲು.

ಊಟ ಮುಗಿಯುತ್ತಿದ್ದಂತೆ ಒಡವೆ ಕೊಟ್ಟ ನೆಂಟರು ಒಳಕೋಣೆಗೆ ಬಂದರು. ಮರುದಿನ ಸುಳ್ಯದಲ್ಲಿ ಅವರಲ್ಲೊಬ್ಬರ ಮನೆಯ ಧಾರೆ, ಮೂರೂ ಮನೆಯ ಒಡವೆ ಅಲ್ಲಿಗೆ ಬೇಕು. ಬಸ್ಸಿಗೆ ಹೊತ್ತಾಗುತ್ತದೆ, ಹುಡುಗಿ ಹೊರಡುವ ತನಕ ಕಾಯುವ ಹಾಗಿಲ್ಲ. ಪಾಪ, ಅವರೂ ಸಂಕೋಚದಿಂದಲೇ ಕೇಳಿದರು. ದೊಡ್ಡಮ್ಮ ಎಲ್ಲರಿಗಿಂತ ಮೊದಲು ತಮ್ಮದನ್ನು ಬಿಚ್ಚಿ ಕೊಟ್ಟು, "ಅಬ್ಬ!" ಎಂದರು. ಮತ್ತೆ ಮದುಮಗಳ ಬಳೆ, ಬೆಂಡೋಲೆ, ಸರಗಳನ್ನು ಚಿಕ್ಕಮ್ಮ ಒಂದೊಂದಾಗಿ ಬಿಚ್ಚಿದರು. ಹುಡುಗಿ ಕೈ ಚಾಚು ಎಂದಾಗ ಚಾಚಿ, ತಲೆ ತಿರುಗಿಸು ಎಂದಾಗ ತಿರುಗಿಸಿ ಕೂತಿದ್ದಳು. ಕೊನೆಗೆ ಕುತ್ತಿಗೆಯಲ್ಲಿ ಉಳಿದದ್ದು ಕರಿಮಣಿ ಒಂದೇ. ಹೊರಗೆ ಗಂಡಿನ ಕಡೆಯವರು ಜೀಪು ತಂದು ನಿಲ್ಲಿಸಿದ್ದರು.

ದೊಡ್ಡಮ್ಮ ಎದ್ದು ತಮ್ಮ ಚೀಲಕ್ಕೆ ಕೈ ಹಾಕಿದರು. ಬಟ್ಟೆಯ ಗಂಟು ಬಿಚ್ಚಿದಾಗ ಅದೇ ಅವಲಕ್ಕಿ ಸರ. ನಾವು ಬೇಡವೆಂದರೂ ಜೊತೆಯಲ್ಲಿ ತಂದಿದ್ದರು. ಮನೆಗೆ ಹೋಗುವಾಗ ಹಾಕಿಕೊಳ್ಳಲಿಕ್ಕೆ ಇರಬೇಕು. ಅದನ್ನು ಮದುಮಗಳ ಕುತ್ತಿಗೆಗೆ ಹಾಕಿ ಹಿಂದೆ ಕೊಂಡಿ ಸಿಕ್ಕಿಸಲು ನೋಡಿದರು. ಹಳೆಯ ಕೊಂಡಿ, ಬೇಗ ಸಿಕ್ಕಲಿಲ್ಲ. ಚಿಕ್ಕಮ್ಮ ಈಗ ಏನನ್ನುತ್ತಾರೋ ಎಂದು ನಾನು ಅವರ ಮುಖವನ್ನೇ ನೋಡಿದೆ. ಚಿಕ್ಕಮ್ಮ ಅಕ್ಕನ ಕೈಯಿಂದ ಕೊಂಡಿ ತೆಗೆದುಕೊಂಡು ತಾವೇ ಸಿಕ್ಕಿಸಿದರು.

"ಚಂದ ಕಾಣ್ತದೆ" ಎಂದೆ ನಾನು. ಅಷ್ಟು ದಿನ ನುಂಗಿಟ್ಟ ಮಾತು ಅದು. ದೊಡ್ಡಮ್ಮ ನನ್ನನ್ನು ಒಮ್ಮೆ ನೋಡಿ, ಮದುಮಗಳ ಸೆರಗು ಸರಿ ಮಾಡತೊಡಗಿದರು.

ಹುಡುಗಿ ಸರದ ಮೇಲೆ ಬೆರಳಾಡಿಸಿದಳು. ನೆಂಟರಿಗೆ ಕೇಳಿಸದ ಹಾಗೆ ಸಣ್ಣ ದನಿಯಲ್ಲಿ ಕೇಳಿದಳು: "ದೊಡ್ಡಮ್ಮ, ಇದನ್ನು ಯಾವಾಗ ವಾಪಾಸು ಕೊಡ್ಬೇಕು?"

"ವಾಪಾಸು ಎಂತದು ಮಗಾ? ಇದು ನಿಂದೇ" ಎಂದರು ದೊಡ್ಡಮ್ಮ.

ಬೆಳಗ್ಗಿನಿಂದ ಒಂದು ಹನಿ ಕಣ್ಣೀರು ಹಾಕದೆ ಇದ್ದ ಹುಡುಗಿ ಆಗ ಅತ್ತಳು.