ಬಚ್ಚಲ ಹಿಂದೆ ನಿಂತವರು

ಅವರ ಅಂಗಿಯ ಜೇಬಿನಲ್ಲಿ ಪೆನ್ನು ಇರಬೇಕಾದ ಜಾಗದಲ್ಲಿ ಗಡ್ಡಕ್ಕೆ ನೊರೆ ಹಚ್ಚುವ ಬ್ರಷ್ಷು ಇರುತ್ತಿತ್ತು. ಗಡ್ಡ ಮಾತ್ರ ಯಾವಾಗಲೂ ಮೂರು ನಾಲ್ಕು ದಿನದ್ದು. ಬ್ರಷ್ಷು ಇದ್ದದ್ದು ಗ್ಯಾಸಿನ ಕೆಲಸಕ್ಕೆ. ಸೋಪಿನ ನೊರೆಯನ್ನು ರೆಗ್ಯುಲೇಟರಿಗೆ, ಪೈಪಿನ ಎರಡೂ ತುದಿಗೆ ಬಳಿದು, ಕುಕ್ಕುರುಗಾಲಿನಲ್ಲಿ ಕೂತು, ಗುಳ್ಳೆ ಏಳುತ್ತದೆಯೇ ಎಂದು ರೆಪ್ಪೆ ಮಿಟುಕಿಸದೆ ನೋಡುವರು. ಆ ನೊರೆ ಒಣಗಿ ಒಣಗಿ ಬೆರಳ ಸಂದುಗಳು ಸುಣ್ಣ ಮೆತ್ತಿದ ಹಾಗೆ ಬೆಳ್ಳಗಿರುತ್ತಿದ್ದವು.

“ಬೆಂಕಿಕಡ್ಡಿ ಗೀರಿ ಸೋರಿಕೆ ನೋಡೋರೂ ಅವ್ರೆ ಅಮ್ಮ,” ಎನ್ನುತ್ತಿದ್ದರು. “ಅವ್ರು ಒಂದೇ ಸಲ ನೋಡ್ತಾರೆ.”

ತಿಪಟೂರಿನ ನಮ್ಮ ಬೀದಿಯಲ್ಲಿ ಅವರನ್ನು ಎಲ್ಲರೂ ಗ್ಯಾಸಿನವರು ಎಂದೇ ಕರೆಯುತ್ತಿದ್ದೆವು. ದಬ್ಬೇಘಟ್ಟದ ಕಡೆಯ ಹಳ್ಳಿಯಿಂದ ಬೆಳಗಿನ ಬಸ್ಸಿಗೆ ಬಂದು, ಹೆಗಲಿಗೊಂದು ಕ್ಯಾನ್ವಾಸ್ ಚೀಲ ಹಾಕಿಕೊಂಡು ಬೀದಿ ಬೀದಿ ತಿರುಗಿ, ಒಲೆ ರಿಪೇರಿ ಮಾಡಿ, ಸಂಜೆಯ ಬಸ್ಸಿಗೆ ಹಿಂದಿರುಗುವರು. ಕರೆದ ಹೊತ್ತಿಗೆ ಸರಿಯಾಗಿ ಬರುವ ಕೆಲಸಗಾರರನ್ನು ನಾನು ಹೆಚ್ಚು ಕಂಡಿಲ್ಲ. ಇವರು ಬರುತ್ತಿದ್ದರು. ನಾನು ಹಾಸ್ಟೆಲಿನ ಗಂಟೆಗೆ ಎದ್ದು, ಗಂಟೆಗೆ ಉಂಡು ಬೆಳೆದವಳು. ಮುಂದೆ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಅದೇ ಗಂಟೆಯನ್ನು ಬಾರಿಸಿದವಳು. ಹಾಗಾಗಿ ಅವರ ಮೇಲೆ ನನಗೆ ಗೌರವವಿತ್ತು. ಅದನ್ನು ನಾನು ಉಳಿಸಿಕೊಳ್ಳಲಿಲ್ಲ ಎಂಬುದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನನ್ನ ಮಗಳು ಚೊಚ್ಚಲ ಹೆರಿಗೆಗೆ ಬರುವುದಿತ್ತು. ನಮ್ಮ ಬಚ್ಚಲಿನಲ್ಲಿ ಅಲ್ಲಿಯವರೆಗೂ ಹಂಡೆಯೇ. ಒಲೆಯ ಬಾಯಿ ಹಿತ್ತಲಿಗೆ. ತೆಂಗಿನ ಮಟ್ಟೆ, ಕರಟ, ಒಣಗಿದ ಗರಿ ಹಾಕಿ ಉರಿಸುತ್ತಿದ್ದೆವು. ಬಾಣಂತಿಗೆ ಹೊತ್ತಿಗೆ ಸರಿಯಾಗಿ ನೀರು ಕಾಯಬೇಕು, ಮಟ್ಟೆ ಹಸಿಯಿದ್ದರೆ ಎಲ್ಲ ತಡ ಎಂದು ನಾನೇ ಗ್ಯಾಸ್ ಗೀಸರ್ ತರಿಸಿದೆ. ಹಾಕಲು ಅವರನ್ನು ಕರೆದೆ.

ಅವರು ಬಚ್ಚಲಿನೊಳಗೆ ಹೋಗಿ ನಾಲ್ಕು ಗೋಡೆ ನೋಡಿದರು. ಹಿತ್ತಲ ಕಡೆಗಿದ್ದ ಬೆಳಕಿಂಡಿಯಲ್ಲಿ ಕೈ ಇಟ್ಟು ಗಾಳಿ ನೋಡಿದರು. ಹೊರಗೆ ಬಂದು, “ಒಳಗೆ ಹಾಕಕ್ಕಿಲ್ಲ ಅಮ್ಮ. ಹಿತ್ತಲ ಗೋಡೆಗೆ ಹಾಕಿ, ಮೇಲೊಂದು ತಗಡು ಕೊಟ್ಟು, ಬಿಸ್ನೀರಿನ ಪೈಪ್ ಮಾತ್ರ ಒಳಿಕ್ಕೆ ಬುಡ್ತೀನಿ,” ಅಂದರು.

ನಮ್ಮ ಅತ್ತೆಗೆ ಆಗ ಎಂಬತ್ತರ ಹತ್ತಿರ. ಬಾಣಂತನದ ಅಧಿಕಾರವೆಲ್ಲ ಅವರದೇ. “ಹೊರಗ್ಲಿಂದ ಬರೋ ಹೊತ್ಗೆ ನೀರು ಆರೋಯ್ತದೆ ಕಣಪ್ಪ. ಬಾಣಂತಿಗೆ ಸುಡು ಸುಡು ನೀರು ಬೇಕು.”

“ಎರಡು ತಂಬಿಗೆ ನೀರು ತಣ್ಣಗೆ ಬತ್ತದೆ ಅಜ್ಜಿ. ಆಮೇಕೆ ನೀವೇ ಸಾಕಪ್ಪ ಅಂತೀರ.”

“ಪೇಟೇಲಿ ಎಲ್ರೂ ಒಳಗೇ ಹಾಕ್ಸವ್ರೆ. ನಿಂಗೊಬ್ನಿಗೇನು ಹೊಸ ಕಾನೂನು?”

ಅವರು ನನ್ನ ಕಡೆ ತಿರುಗಿದರು. “ಬೆಂಕಿನೂ ಉಸಿರಾಡ್ತದೆ ಮೇಡಮ್ಮೋರೆ. ಒಳಗಿರೋ ಮನುಷ್ರೂ ಉಸಿರಾಡ್ತಾರೆ. ಮುಚ್ಚಿದ ಕ್ವಾಣೇಲಿ ಇಬ್ರಿಗೂ ಗಾಳಿ ಸಾಲಕ್ಕಿಲ್ಲ. ಸೋರೋ ಗ್ಯಾಸಾದ್ರೆ ಮೂಗಿಗೆ ಹೊಡೀತದೆ. ಗಾಳಿ ಸಾಲ್ದೆ ಉರಿದ ಬೆಂಕಿ ಬುಡೋ ವಿಷಕ್ಕೆ ವಾಸ್ನೆ ಇಲ್ಲ.”

ನಾನು ಅಳೆದದ್ದು ಗೋಡೆ ಒಡೆಯುವ ದಿನಗಳನ್ನು. ಮಗಳು ಬರುವ ದಿನ ಗೊತ್ತಾಗಿತ್ತು. ಹೊರಗೆ ತಗಡು, ಗೋಡೆಗೆ ತೂತು, ಗಾರೆಯವರು, ಇದೆಲ್ಲ ನನ್ನ ಪಟ್ಟಿಯಲ್ಲಿರಲಿಲ್ಲ. “ಆಗದಿದ್ದರೆ ಬಿಡಿ,” ಅಂದೆ. ಮಾರನೆಯ ದಿನ ಬೇರೆಯವನೊಬ್ಬ ಬಂದು ಒಂದು ಗಂಟೆಯಲ್ಲಿ ಗೀಸರನ್ನು ಒಳಗೇ ಹಾಕಿ ಹೋದ. ಸಿಲಿಂಡರ್ ಹಿತ್ತಲಿನಲ್ಲಿ, ಗೀಸರ್ ಒಳಗೆ.

ವಿಷಯ ತಿಳಿದು ಗ್ಯಾಸಿನವರು ತಾವಾಗಿಯೇ ಬಂದರು. ಬೈಯಲಿಲ್ಲ. ಬ್ರಷ್ಷು ತೆಗೆದು ಎಲ್ಲ ಕಡೆ ನೊರೆ ಬಳಿದು ನೋಡಿದರು, ಸೋರಿಕೆ ಇರಲಿಲ್ಲ. “ಬಿಚ್ಚಿ ಹೊರಗೆ ಹಾಕ್ಕೊಡ್ತೀನಿ, ಕೂಲಿ ಬ್ಯಾಡ,” ಅಂದರು. ನಾನು ಒಪ್ಪಲಿಲ್ಲ. “ಹಂಗಾದ್ರೆ ಬಾಗಿಲು ತೆಗೆದಿಟ್ಕಂಡು ಮೊದ್ಲು ಕೊಳಗಕ್ಕೆ ನೀರು ತುಂಬಿಸ್ಕಳಿ. ಗೀಸರ್ ಆರಿಸಿ. ಆಮೇಕೆ ಒಳಗೋಗಿ ಮೀಯಿರಿ. ಬೆಳಕಿಂಡಿ ಮಾತ್ರ ಮುಚ್ಚಬ್ಯಾಡಿ.”

ಕ್ರಮ ಹೇಳಿದರೆ ನನಗೆ ಖುಷಿ. ಅಷ್ಟನ್ನೂ ದಪ್ಪ ಅಕ್ಷರದಲ್ಲಿ ಬರೆದು ಬಚ್ಚಲ ಬಾಗಿಲಿಗೆ ಅಂಟಿಸಿದೆ. ಅಂಟಿಸಿದ ಮೇಲೆ ಕೆಲಸ ಮುಗಿಯಿತು ಅಂದುಕೊಂಡೆ. ನಮ್ಮ ಅತ್ತೆಗೆ ಓದಲು ಬರುತ್ತಿರಲಿಲ್ಲ.

ಮಾರ್ಗಶಿರದ ಚಳಿ. ಮಗಳು ಕೂಸಿನೊಂದಿಗೆ ಆಸ್ಪತ್ರೆಯಿಂದ ಮನೆಗೆ ಬಂದಳು. ಕಿವಿಗೆ ಹತ್ತಿ, ತಲೆಗೆ ಬಟ್ಟೆ, ಕೋಣೆಗೆ ಸಾಂಬ್ರಾಣಿ. ಬಾಣಂತಿಗೆ ಗಾಳಿ ಸೋಕಬಾರದು ಎಂಬುದು ನಮ್ಮ ಕಡೆ ಎಲ್ಲ ಮಾತಿಗಿಂತ ದೊಡ್ಡ ಮಾತು. ಹಂಡೆಯ ಕಾಲದಲ್ಲಿ ಆ ಮಾತು ಯಾರನ್ನೂ ಕೊಲ್ಲಲಿಲ್ಲ. ಒಲೆಯ ಬಾಯಿ ಹೊರಗಿತ್ತು, ಒಳಗೆ ತಪ್ಪಿ ಹೊಗೆ ನುಗ್ಗಿದರೂ ಕಣ್ಣು ಉರಿದು ನಾವೇ ಎದ್ದು ಓಡುತ್ತಿದ್ದೆವು.

ಸ್ನಾನದ ಹೊತ್ತು ಬೆಳಿಗ್ಗೆ ಹತ್ತು. ಎರಡನೆಯ ದಿನದಿಂದ ಹತ್ತಕ್ಕೆ ಸರಿಯಾಗಿ ಗ್ಯಾಸಿನವರು ಹಿತ್ತಲ ಓಣಿಯಲ್ಲಿ ಕಾಣಿಸಿಕೊಳ್ಳತೊಡಗಿದರು. ಬಚ್ಚಲ ಗೋಡೆಗೆ ನಾಲ್ಕು ಮಾರು ದೂರ, ಬೆನ್ನು ತಿರುಗಿಸಿ ನಿಂತು, “ಅಜ್ಜೀ, ಬೆಳಕಿಂಡಿ ತೆಗೆದೈತಾ?” ಎಂದು ಕೂಗುವರು. “ಐತೆ ಹೋಗಪ್ಪ,” ಎಂದು ಅತ್ತೆ ಒಳಗಿಂದ ಗೊಣಗುವರು. ಮೂರು ದಿನ ಹೀಗೇ ಆಯಿತು. ಅಕ್ಕಪಕ್ಕದವರು ಇಣುಕಿ ನೋಡಿದರು. ನಾಲ್ಕನೆಯ ದಿನ ನಾನು ಹಿತ್ತಲಿಗೆ ಹೋಗಿ, ಶಾಲೆಯಲ್ಲಿ ತಪ್ಪು ಮಾಡಿದವರನ್ನು ನಿಲ್ಲಿಸಿ ಕೇಳುತ್ತಿದ್ದ ದನಿಯಲ್ಲಿ ಕೇಳಿದೆ.

“ಹೆಂಗಸರು ಮೀಯುವ ಹೊತ್ತಿನಲ್ಲಿ ಬಚ್ಚಲ ಹಿಂದೆ ಗಂಡಸರಿಗೇನು ಕೆಲಸ? ನಿಮ್ಮ ವಯಸ್ಸಿಗೆ ಇದು ಶೋಭಿಸುವುದಿಲ್ಲ.”

ಅವರ ಮುಖದಲ್ಲಿ ಸಿಟ್ಟು ಬರಲಿಲ್ಲ. ಕೈಯಲ್ಲಿದ್ದ ಬ್ರಷ್ಷನ್ನು ಜೇಬಿಗೆ ಹಾಕಲು ಹೋದರು. ಅದು ಎರಡು ಸಲ ಜೇಬು ತಪ್ಪಿತು. “ಸರಿ ಅಮ್ಮ,” ಎಂದು ಹೊರಟುಹೋದರು.

ಮಾರನೆಯ ದಿನ ಚಳಿ ಹೆಚ್ಚಾಗಿತ್ತು. ಅತ್ತೆ ಹಳೆಯ ಸೀರೆಯ ತುಂಡಿನಲ್ಲಿ ತೆಂಗಿನ ನಾರು ಸುತ್ತಿ ಬೆಳಕಿಂಡಿಗೆ ತುರುಕಿದರು. ಬಾಗಿಲು ಹಾಕಿ, ನಲ್ಲಿ ಬಿಟ್ಟುಕೊಂಡೇ ಮೊಮ್ಮಗಳಿಗೆ ನೀರು ಹುಯ್ಯತೊಡಗಿದರು. ನಾನು ನಡುಮನೆಯಲ್ಲಿ ಕೂಸಿನ ಬಟ್ಟೆ ಮಡಿಸುತ್ತಿದ್ದೆ. ಹತ್ತೂವರೆಗೆ ಮಿಂದು ಹೊರಗೆ ಬರಬೇಕಾದವರು ಬರಲಿಲ್ಲ. ಗಡಿಯಾರ ನೋಡಿ, ಇನ್ನು ಊಟವೂ ತಡವಾಗುತ್ತದೆ ಎಂದು ಮನಸ್ಸಿನಲ್ಲೇ ಸಿಡುಕಿದೆ. ನನಗೆ ಹೊಳೆದದ್ದು ಅಷ್ಟೇ.

ಹಿತ್ತಲಿನಲ್ಲಿ ತೆಂಗಿನಕಾಯಿ ಕೀಳುವ ದೋಟಿ ಗೋಡೆಗೆ ಬಡಿದ ಸದ್ದು ಕೇಳಿತು. ಗ್ಯಾಸಿನವರು ಅಂದೂ ಬಂದಿದ್ದರು. ಬೆಳಕಿಂಡಿಯಲ್ಲಿ ಸೀರೆಯ ಅಂಚು ಕಂಡು ಕೂಗಿದ್ದಾರೆ. ಒಳಗಿಂದ ಗೊಣಗಾಟ ಕೇಳಿಲ್ಲ. ಬೇಲಿ ದಾಟಿ ಬಂದು ಸಿಲಿಂಡರ್ ಬಂದ್ ಮಾಡಿ, ನಮ್ಮದೇ ದೋಟಿಯಿಂದ ನಾರಿನ ಗಂಟನ್ನು ಒಳಕ್ಕೆ ತಳ್ಳಿದ್ದಾರೆ. “ಮೇಡಮ್ಮೋರೆ, ಬಾಗ್ಲು ಒಡೀರಿ,” ಎಂದು ಅವರು ಕೂಗಿದ್ದು ಇವತ್ತೂ ನನ್ನ ಕಿವಿಯಲ್ಲಿದೆ. ಪಕ್ಕದ ಮನೆಯವರು ಓಡಿ ಬಂದು ಬಾಗಿಲು ಒಡೆದರು. ಅತ್ತೆ ಗೋಡೆಗೆ ಒರಗಿದ್ದರು, ತಂಬಿಗೆ ಕೈಯಲ್ಲೇ ಇತ್ತು. ಮಗಳು ಮಣೆಯಿಂದ ಪಕ್ಕಕ್ಕೆ ಬಿದ್ದಿದ್ದಳು. ಒದ್ದೆ ಮೈಗೆ ಕಂಬಳಿ ಸುತ್ತಿ ಇಬ್ಬರನ್ನೂ ಜಗುಲಿಗೆ ತಂದೆವು. ಗ್ಯಾಸಿನವರು ಬಚ್ಚಲ ಬಾಗಿಲ ಹತ್ತಿರ ಬರಲಿಲ್ಲ. ಬೀದಿಗೆ ಓಡಿ ಆಟೋ ತಂದು ನಿಲ್ಲಿಸಿ, ಮುಖ ಆ ಕಡೆ ಮಾಡಿಕೊಂಡು ನಿಂತಿದ್ದರು.

ಆಸ್ಪತ್ರೆಯಲ್ಲಿ ಆಮ್ಲಜನಕ ಕೊಟ್ಟರು. ಮಧ್ಯಾಹ್ನಕ್ಕೆ ಮಗಳು ಕಣ್ಣು ಬಿಟ್ಟು ಕೂಸನ್ನು ಕೇಳಿದಳು. ಅತ್ತೆಯೂ ಉಳಿದರು, ಆದರೆ ಮೊದಲಿನ ಹಾಗಾಗಲಿಲ್ಲ. “ಗಾಳಿ ಸೋಕಬಾರ್ದು ಅಂತ ಮೊಮ್ಮಗಳ ಉಸುರೇ ನಿಲ್ಲಿಸಿದ್ನಲ್ಲೇ,” ಎಂದು ಸಾಯುವವರೆಗೂ ಹೇಳಿಕೊಂಡರು. ಆ ಮಾತು ಅವರಿಗಿಂತ ನನಗೆ ಸೇರಬೇಕಾದದ್ದು.

ವಾರದೊಳಗೆ ಗ್ಯಾಸಿನವರೇ ಗೀಸರನ್ನು ಹಿತ್ತಲ ಗೋಡೆಗೆ ಹಾಕಿದರು. ನೊರೆ ಬಳಿಯುತ್ತ ಕೂತಿದ್ದಾಗ ನಾನು ಹೋಗಿ, “ಅವತ್ತು ನಾನು ಆಡಬಾರದ್ದು ಆಡಿದೆ,” ಎಂದು ಶುರು ಮಾಡಿದೆ.

“ಬುಡಿ ಅಮ್ಮ. ಈ ರಬ್ಬರ್ ಪೈಪಿಗೂ ವಯಸ್ಸು ಅಂತ ಐತೆ, ಅದ್ರ ಮ್ಯಾಲೇ ಬರ್ದಿರ್ತಾರೆ. ಅದು ಮುಗಿಯೋಕ್ ಮುಂಚೆ ಬದಲಾಯಿಸ್ಬೇಕು, ಮರೀಬ್ಯಾಡಿ.”

ಮುಂದೆ ಎರಡು ಸಲ ಪ್ರಯತ್ನಿಸಿದೆ. ಎರಡು ಸಲವೂ ಅವರು ಗ್ಯಾಸಿನ ಮಾತಿಗೇ ಹೊರಳಿದರು. ಬಾಯಿ ತುಂಬ ಹೇಳಬೇಕಾದದ್ದು ಅರ್ಧದಲ್ಲೇ ಉಳಿಯಿತು.

ಹೋದ ವರ್ಷ ಅವರು ತೀರಿಕೊಂಡ ಸುದ್ದಿ ಬಂತು. ಬೆಳಗಿನ ಬಸ್ಸು ಹಿಡಿದು ಅವರ ಹಳ್ಳಿಗೆ ಹೋದೆ. ಹೆಣ ಮೀಯಿಸಲು ನೀರು ಕಾಯುತ್ತಿತ್ತು. ಊರಿಗೆಲ್ಲ ಗ್ಯಾಸ್ ಹಾಕಿಕೊಟ್ಟವರ ಮನೆಯಲ್ಲಿ ಹಂಡೆ. ಬಚ್ಚಲಿನ ಹಿಂದಿನ ಗೋಡೆಯಲ್ಲಿ ಎರಡು ತೆಂಗಿನಕಾಯಿ ಹಿಡಿಸುವಷ್ಟು ಅಗಲದ ಕಿಂಡಿ. ಅದಕ್ಕೆ ಬಾಗಿಲಿಲ್ಲ, ಜಾಲರಿಯೂ ಇಲ್ಲ.

ನಾನು ಅದನ್ನೇ ನೋಡುತ್ತಿದ್ದುದನ್ನು ಕಂಡು ಅವರ ಹೆಂಡತಿ ಹತ್ತಿರ ಬಂದು ಕೂತರು. “ನಮ್ಗೂ ಒಬ್ಳು ಮಗಳಿದ್ಲು ಕಣಮ್ಮ. ಬಾಣಂತಿ. ಇದೇ ಬಚ್ಲಾಗೆ ಹೋದ್ಲು. ಗೀಸರ್ ಹಾಕಿದ್ದೂ ಇವ್ರೆಯ, ಆಗ ಎಲ್ರೂ ಒಳಗೇ ಹಾಕೋರು.”

ಸೆರಗಿನಿಂದ ಮುಖ ಒರೆಸಿಕೊಂಡರು.

“ಅವತ್ತು ಇವ್ರು ಇಲ್ಲೇ ಹಿತ್ಲಾಗೆ ಬೀಡಿ ಸೇದ್ತಾ ಕೂತಿದ್ರು. ಕಿಂಡಿಗೆ ಬಟ್ಟೆ ತುರುಕಿದ್ದು ಕಂಡಿತ್ತಂತೆ. ಸದ್ದೂ ಕೇಳ್ತಿರಲಿಲ್ವಂತೆ. ಹೆಂಗಸ್ರು ಮೀಯೋ ಜಾಗ, ಬಚ್ಲ ಹಿಂದೆ ನಿಂತ್ಕಂಡು ಗಂಡ್ಸು ಕೂಗಿದ್ರೆ ಯಾರೇನಂದಾರು ಅಂತ ಸುಮ್ಕಿದ್ರಂತೆ. ಅದೊಂದೇ ಕೊರಗು ಅವ್ರಿಗೆ, ಕಡೇ ಗಂಟ.”

ನಾನು ಅಂದ ಮಾತನ್ನು ಅವರು ಮನೆಯಲ್ಲಿ ಹೇಳಿದ್ದರೇ ಎಂದು ಕೇಳಬೇಕಾಗಿತ್ತು. ಕೇಳುವ ಧೈರ್ಯ ಬರಲಿಲ್ಲ. ತಿಪಟೂರಿನ ಮೇಡಂ ನಾನೇ ಎಂದಷ್ಟೇ ಹೇಳಿದೆ.

“ಗೊತ್ತು ಕಣಮ್ಮ,” ಅಂದರು ಆಕೆ. “ನಿಮ್ಮನೇಲಿ ಹಂಗಾದ ದಿನ ರಾತ್ರಿ ಮನೆಗೆ ಬಂದು ಇವ್ರು ಊಟಕ್ಕೆ ಕೂತು, ಮೇಡಮ್ಮೋರ ಮಗಳು ಎದ್ದು ಕೂತ್ಲಂತೆ ಕಣೇ ಅಂದ್ರು. ಅಷ್ಟೇ ಹೇಳಿದ್ದು. ಮಗಳು ಹೋದ್ಮ್ಯಾಲೆ ಅವತ್ತೇ ಎರಡು ಮುದ್ದೆ ಉಂಡಿದ್ದು.”