ಅರ್ಧಕ್ಕೆ ಬಿಟ್ಟ ಕೊಂಡಿ

ಇಳಕಲ್ಲಿನ ಚಂದ್ರವ್ವನಿಗೆ ಬಾಳಿನಲ್ಲಿ ಹೆಮ್ಮೆ ಅಂತ ಇದ್ದದ್ದು ಒಂದೇ, ಅವಳು ಹಾಕುವ ಕೊಂಡಿ. ಸೀರೆಯ ಒಡಲಿನ ಎಳೆ ಬೇರೆ, ಸೆರಗಿನ ಎಳೆ ಬೇರೆ. ಮಗ್ಗದ ಮೇಲೆ ಇವೆರಡನ್ನೂ ಒಂದರೊಳಗೊಂದು ಸಿಕ್ಕಿಸಿ ಕೂಡಿಸುವುದೇ ಕೊಂಡಿ. ಸಾವಿರಾರು ಎಳೆ, ಅಷ್ಟೇ ಕೊಂಡಿ. ಎಲ್ಲ ಮುಗಿದ ಮೇಲೆ ಚಂದ್ರವ್ವ ಎಡ ಅಂಚಿನ ಕಡೆಯ ಮೂರು ಎಳೆಗಳನ್ನು ಸೇರಿಸಿ ಸಾಸಿವೆಕಾಳಿನಷ್ಟು ಒಂದು ಗಂಟು ಹಾಕುತ್ತಿದ್ದಳು. ಅದು ಅವಳ ರುಜು. ಕೊಂಡಿ ಹಿಡಿದ ಮೇಲೆ ಮುಗಿಯುವ ತನಕ ಏಳಬಾರದು, ಎದ್ದರೆ ಎಳೆ ಸಡಿಲಾಗುತ್ತವೆ ಎಂದು ಅವಳ ಅತ್ತೆ ಕಲಿಸಿದ್ದಳು. ಇಪ್ಪತ್ತಾರು ವರ್ಷ ಚಂದ್ರವ್ವ ಎದ್ದಿರಲಿಲ್ಲ. ಒಲೆಯ ಮೇಲೆ ಹಾಲು ಉಕ್ಕಿದರೂ ಏಳಲಿಲ್ಲ, ಬೀಗರು ಬಂದು ಬಾಗಿಲಲ್ಲಿ ನಿಂತರೂ ಏಳಲಿಲ್ಲ.

ಮಗಳು ಬಂದಾಗಲೂ ಏಳಲಿಲ್ಲ.

ಮೂರು ವರ್ಷದ ಹಿಂದಿನ ಮಾತು. ಒಬ್ಬಳೇ ಮಗಳು ಸುಶ್ಮಿತಾ ಮನೆಯಲ್ಲಿ ಯಾರಿಗೂ ಹೇಳದೆ, ಬೇರೆ ಜಾತಿಯ ಈರಪ್ಪನೆಂಬ ಟ್ರ್ಯಾಕ್ಟರ್ ಡ್ರೈವರನನ್ನು ಮದುವೆಯಾದಳು. ಹತ್ತು ದಿನ ಕಳೆದು, ನಾಗರ ಪಂಚಮಿಯ ಹಿಂದಿನ ದಿನ, ಗಂಡನ ಜೊತೆ ತವರಿನ ಹೊಸ್ತಿಲಿಗೆ ಬಂದು ನಿಂತಳು. ಅಪ್ಪ ಅಮೀನಪ್ಪ ನೂಲು ತರಲು ಹೋಗಿದ್ದ. "ಯವ್ವಾ, ಒಮ್ಮೆ ಇತ್ತಾಗ ನೋಡು" ಅಂದಳು. ಚಂದ್ರವ್ವ ತಲೆ ಎತ್ತಲಿಲ್ಲ. "ಕೊಂಡಿ ಹಿಡದೇನಿ. ಏಳಾಕ ಬರೂದಿಲ್ಲ" ಅಂದಳು. ಸಿಟ್ಟಿಗೆ ಮಗ್ಗದ ಮರೆ ಸಿಕ್ಕಿತ್ತು, ಅಷ್ಟೇ. ಕೊನೆಯ ಗಂಟು ಹಾಕಿ, ಎದ್ದು ಹೊರಗೆ ಬಂದಾಗ ಹೊಸ್ತಿಲ ಮೇಲೆ ಬಿಸಿಲು ಬಿಟ್ಟರೆ ಯಾರೂ ಇರಲಿಲ್ಲ. ಆ ಸೀರೆಯನ್ನು ಅವಳು ಮಾರಲಿಲ್ಲ.

ಉತ್ತರ ಕರ್ನಾಟಕದ ಹೆಣ್ಣುಮಗಳಿಗೆ ಪಂಚಮಿ ಎಂದರೆ ತವರು. ಕರೆಯಲು ಯಾರಾದರೂ ಬರಬೇಕು, ಬುತ್ತಿಯಲ್ಲಿ ಉಂಡಿ ತರಬೇಕು. ಮೂರು ಪಂಚಮಿ ಬಂದು ಹೋದವು, ಮಗಳ ಫೋನು ಹತ್ತಲಿಲ್ಲ, ಊರು ಗೊತ್ತಾಗಲಿಲ್ಲ. ಈ ವರ್ಷ ಹಬ್ಬಕ್ಕೆ ಆರು ದಿನ ಇರುವಾಗ ಅಮೀನಪ್ಪ ಬಾಗಿಲಲ್ಲಿ ಬಂದು ನಿಂತ.

"ಇದೊಂದು ಸಲ ಹುಡುಕೂಣು. ಸಿಕ್ರ ಕರಕೊಂಡು ಬರೂಣು. ಇಲ್ಲಂದ್ರ ಅಕಿ ಹೆಸರ ಬಿಟ್ಟುಬಿಡೂಣು. ನನ್ನ ಎದಿ ಇನ್ನ ತಡಿಯೂದಿಲ್ಲ."

ಚಂದ್ರವ್ವನ ಕೈಯಲ್ಲಿ ಆಗ ಕೊಂಡಿ ಅರ್ಧವಾಗಿತ್ತು. ಎದ್ದುಬಿಟ್ಟಳು.

ಸೀರೆ ಮಾರುವವರಿಗೆ ಯಾವ ಮನೆಯ ಬಾಗಿಲೂ ತೆರೆಯುತ್ತದೆ. ಅದಕ್ಕೇ ಇಬ್ಬರೂ ಬೆನ್ನಿಗೊಂದು ಚೀಲ ಏರಿಸಿ, ಮೊಪೆಡ್ ಹತ್ತಿ ಹೊರಟರು. ಚಂದ್ರವ್ವನ ಬೆನ್ನ ಮೇಲಿದ್ದದ್ದು ಸುಶ್ಮಿತಾ ಕಾಲೇಜಿಗೆ ಒಯ್ಯುತ್ತಿದ್ದ ನೀಲಿ ಚೀಲ. ಅದರ ತಳದಲ್ಲಿ ಆ ಸೀರೆ, ಮೇಲೆ ಉಂಡಿಯ ಡಬ್ಬಿ. ಕೂಡಲಸಂಗಮದ ಮಠದಲ್ಲಿ ಉಂಡರು, ಬಾಗಲಕೋಟೆಯ ಓಣಿ ಓಣಿ ತಿರುಗಿದರು. ಬಾದಾಮಿಯ ಬಸ್‌ಸ್ಟ್ಯಾಂಡಿನಲ್ಲಿ ಬೆನ್ನಿಗೆ ಚೀಲ ಬಿಗಿದುಕೊಂಡಿದ್ದ ಪರದೇಶದ ಗಂಡ-ಹೆಂಡತಿ ಇವರನ್ನು ಕಂಡು, ತಮ್ಮ ಪೈಕಿಯವರೇ ಸಿಕ್ಕರೆಂಬಂತೆ ನಕ್ಕು ಕೈಬೀಸಿದರು. ಅಮೀನಪ್ಪನೂ ಪಾಪ, ಕೈಬೀಸಿದ.

ಐದನೆಯ ದಿನ ಕೆರೂರಿನ ಸಂತೆಯಲ್ಲಿ ಬಳೆಗಾರ್ತಿ ಶಹನಾಜ ಒಂದು ಮಾತು ಹೇಳಿದಳು: "ಬೇವೂರಾಗ ಸಿದ್ದವ್ವನ ಸೊಸಿ ಒಬ್ಬಾಕಿ ಅದಾಳ್ರಿ. ಸೀರಿ ತಗೊಳ್ಳೂಮುಂದ ಬಣ್ಣ ನೋಡೂದಿಲ್ಲ, ಅಂಚು ನೋಡೂದಿಲ್ಲ. ಮೊದಲ ಸೆರಗು ತಿರುವಿ ಕೂಡಿಸಿದ್ದು ನೋಡ್ತಾಳ."

ಚಂದ್ರವ್ವನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ನೇಕಾರರ ಮನೆಯ ಹುಡುಗಿ ಅಲ್ಲದೆ ಇನ್ನಾರು ಹಾಗೆ ನೋಡುತ್ತಾರೆ?

ಮರುದಿನ, ಅಂದರೆ ಕೊನೆಯ ದಿನ, ಜಿನುಗು ಮಳೆಯಲ್ಲಿ ಬೇವೂರು ಮುಟ್ಟಿದರು. "ನೀ ಮೊದಲ ಹೋಗು. ಅಕಿನ ಹೌದಾದ್ರ ನನ್ನ ಕರಿ" ಎಂದು ಅಮೀನಪ್ಪ ಊರ ಬಾಗಿಲ ಅಗಸಿಯಲ್ಲೇ ಗಾಡಿ ನಿಲ್ಲಿಸಿದ.

ಕಟ್ಟೆಯ ಮೇಲೆ ಕೂತಿದ್ದ ಸಿದ್ದವ್ವ ಒಳ್ಳೆಯ ಹೆಂಗಸು. "ಬಾರವಾ ಯಕ್ಕಾ, ಕುಂಡ್ರು. ಪಂಚಮಿ ನಾಳಿಗೈತಿ, ಈಗ ಬಂದೀಯಲ್ಲ ಸೀರಿ ಮಾರಾಕ" ಎಂದು ನಕ್ಕಳು. ಚಂದ್ರವ್ವ, "ಸೊಸಿನ್ನ ತವರಿಗೆ ಕಳಿಸ್ಲಿಲ್ಲೇನ್ರಿ?" ಅಂದಳು.

"ಎಲ್ಲೀ ತವರವಾ ಯಕ್ಕಾ? ತಾಯಿ ತಂದಿ ಇಬ್ರೂ ಸತ್ತಾರ. ಪರದೇಶಿ ಕೂಸು ಅಂತ ನನ್ನ ಮಗ ಕೈ ಹಿಡದು ತಂದ, ನಾನೂ ಮನಿ ತುಂಬಿಸಿಕೊಂಡ್ನಿ. ತಾಯಿ ತಂದಿ ಇದ್ದೂ ಓಡಿ ಬಂದಾಕಿ ಅಂದಿದ್ರ ನಾ ಹೊಸ್ತಿಲ ದಾಟಿಸ್ತಿದ್ದಿಲ್ಲ ನೋಡು."

ತಾನು ಸತ್ತ ಸುದ್ದಿಯನ್ನು ಚಂದ್ರವ್ವ ಕಣ್ಣು ಮಿಟುಕಿಸದೆ ಕೇಳಿಸಿಕೊಂಡಳು. ಅಷ್ಟರಲ್ಲಿ ಹಿಟ್ಟಿನ ಕೈ ಒರೆಸಿಕೊಳ್ಳುತ್ತ ಸುಶ್ಮಿತಾ ಹೊರಗೆ ಬಂದಳು. ಮೊದಲು ನೀಲಿ ಚೀಲ ಕಂಡಳು, ಆಮೇಲೆ ಮುಖ. ಒಂದು ಗಳಿಗೆ ಬಾಗಿಲ ಚೌಕಟ್ಟು ಹಿಡಿದು ನಿಂತಳು.

"ಬರ್ರಿ. ನೀರು ತರ್ತೇನಿ, ಕುಂಡ್ರಿ."

ಅದೊಂದು 'ರಿ' ಸಾಕಾಯಿತು. ಹುಟ್ಟಿದಾಗಿನಿಂದ ನೀ, ಬಾ, ಹೋಗು ಎಂದು ಜಗಳಾಡಿ ಬೆಳೆದ ಮಗಳು ಹೆತ್ತವಳನ್ನು ಗೌರವದಿಂದ ಕರೆದಿದ್ದಳು, ಊರಿನ ಯಾವುದೋ ಹೆಂಗಸನ್ನು ಕರೆದಂತೆ. ಬೈದಿದ್ದರೆ ಚಂದ್ರವ್ವನಿಗೆ ಎಷ್ಟೋ ಹಾಯೆನಿಸುತ್ತಿತ್ತು.

ಬೇರೆ ಏನೂ ತೋಚದೆ ಚೀಲದ ತಳದಿಂದ ಆ ಸೀರೆ ತೆಗೆದು ಹರವಿದಳು. ದಾಳಿಂಬೆ ಬಣ್ಣದ ಒಡಲು, ಕೆಂಪು ಸೆರಗು. ಸಿದ್ದವ್ವನ ಕಣ್ಣು ಅರಳಿತು. "ತಗೋ ಸುಶ್ಮಿ, ತವರಿನ ಸೀರಿ ಅಂತ ತಿಳಕೋ. ನಾನ ಕೊಡಸ್ತೇನಿ."

ಸುಶ್ಮಿತಾ ಕೂತು ಸೆರಗು ತಿರುವಿದಳು. ಬೆರಳು ಕೊಂಡಿಯ ಸಾಲಿನ ಗುಂಟ ಬಲದಿಂದ ಎಡಕ್ಕೆ ಸರಿಯುತ್ತ ಹೋಯಿತು, ಎಡ ಅಂಚಿನ ಗಂಟಿಗೆ ಬಂದು ನಿಂತಿತು. ಆಮೇಲೆ ಹುಡುಗಿ ಸೀರೆಯನ್ನು ಹಳೆಯ ಮಡಿಕೆಯ ಗೆರೆಗೇ ನೀಟಾಗಿ ಮಡಚಿ ಮುಂದೆ ಇಟ್ಟಳು.

"ಬ್ಯಾಡತ್ತಿ. ಬ್ಯಾರೆ ಮನಿಗೆ ತೋರಿಸ್ಲಿ."

ಓಣಿಯ ತಿರುವಿನ ತನಕ ಕಳಿಸಲು ಬಂದವಳು, ಸಿದ್ದವ್ವನಿಗೆ ಕೇಳಿಸದಷ್ಟು ಸಣ್ಣ ದನಿಯಲ್ಲಿ ಹೇಳಿದಳು: "ಸುಳ್ಳು ಹೇಳಿ ಹೊಕ್ಕ ಮನಿ ಇದು. ಅತ್ತಿಗೆ ಗೊತ್ತಾದ್ರ ನನ್ನ ಬಾಳೇವು ಮುಗೀತು. ಇನ್ನ ಬರಬ್ಯಾಡ್ರಿ. ಅಪ್ಪಗೂ ಹೇಳಬ್ಯಾಡ್ರಿ, ಅಂವ ಕೇಳೂದಿಲ್ಲ, ಬಂದಬಿಡ್ತಾನ."

"ಅವತ್ತ ನಾ… ಎಳಿ ಸಡಲ್ತಾವಂತ…" ಅಂದಳು ಚಂದ್ರವ್ವ.

"ಭಾಳ ಹೊತ್ತು ನಿಂತಿದ್ನಿರಿ" ಅಂದಳು ಸುಶ್ಮಿತಾ. ತಿರುಗಿ ನೋಡದೆ ಒಳಗೆ ಹೋದಳು.

ಅಗಸಿಯಲ್ಲಿ ಅಮೀನಪ್ಪ ಎದ್ದು ನಿಂತಿದ್ದ. ತಲೆ ಬಾಚಿಕೊಂಡು, ಟೊಪ್ಪಿಗೆ ಸರಿಮಾಡಿಕೊಂಡು ಮಗಳ ಮನೆಗೆ ಹೋಗಲು ತಯಾರಾಗಿದ್ದ. "ಅಕಿನ ಏನು?"

ಚಂದ್ರವ್ವ ಅವನ ಮುಖ ನೋಡಿದಳು. ಒಮ್ಮೆ ಮಗಳ ತವರನ್ನು ಮುರಿದವಳು, ಈಗ ಅವಳ ಗಂಡನ ಮನೆಯನ್ನೂ ಮುರಿಯಲಾರಳು.

"ಅಲ್ರಿ. ಬ್ಯಾರೆ ಯಾರದೋ ಮಗಳು."

ಹುನಗುಂದದಲ್ಲಿ ಚಹಾದಂಗಡಿಯ ಮುಂದೆ ಗಾಡಿ ನಿಲ್ಲಿಸಿ ಅಮೀನಪ್ಪ ಉಂಡಿಯ ಡಬ್ಬಿ ಕೇಳಿ ಇಸಿದುಕೊಂಡ. ಶೇಂಗಾ ಉಂಡಿ, ಸುಶ್ಮಿತಾಳಿಗೆ ಜೀವವಾಗಿದ್ದದ್ದು. ಒಂದು ಬಾಯಿಗಿಟ್ಟ, ನುಂಗಲಾಗಲಿಲ್ಲ, ಅಳತೊಡಗಿದ. "ಆತು. ಇನ್ನ ಅಕಿ ಹೆಸರ ಎತ್ತಬ್ಯಾಡ" ಅಂದ. ಒಂದು ಮಾತು ಹೇಳಿದರೆ ಅವನ ಅಳು ನಿಲ್ಲುತ್ತಿತ್ತು. ಆ ಮಾತನ್ನು ಚಂದ್ರವ್ವ ಚಹಾದ ಜೊತೆ ನುಂಗಿದಳು. ಇನ್ನು ಬದುಕಿರುವ ತನಕ ನುಂಗುತ್ತಲೇ ಇರಬೇಕು.

ದೀಪ ಹಚ್ಚುವ ಹೊತ್ತಿಗೆ ಇಳಕಲ್ಲು ಬಂತು. ಓಣಿಯ ಮನೆಮನೆಗೂ ಹೆಣ್ಣುಮಕ್ಕಳು ಬಂದಿದ್ದರು, ಜೋಕಾಲಿ ಕಟ್ಟಿದ್ದರು. ಅಮೀನಪ್ಪ ಗೋಡೆಯ ಕಡೆ ಮುಖ ಮಾಡಿ ಮಲಗಿದ. ಚಂದ್ರವ್ವ ಬೆನ್ನಿನ ಚೀಲವನ್ನೂ ಇಳಿಸದೆ ಮಗ್ಗದ ಕುಣಿಗೆ ಇಳಿದು ಕೂತಳು. ಐದು ದಿನದ ಹಿಂದೆ ಅರ್ಧಕ್ಕೆ ಬಿಟ್ಟು ಎದ್ದ ಕೊಂಡಿ. ಎಳೆಗಳೆಲ್ಲ ಜೋತುಬಿದ್ದಿರುತ್ತವೆ, ಮೊದಲಿನಿಂದ ಹಾಕಬೇಕು ಎಂದುಕೊಂಡು ಕೈಯಿಟ್ಟಳು.

ಒಂದು ಎಳೆ ಮುಟ್ಟಿದಳು. ಮತ್ತೊಂದು. ಸಾಲುಗುಂಟ ಬೆರಳಾಡಿಸುತ್ತ ಕೊನೆಯ ತನಕ ಹೋದಳು, ಮತ್ತೆ ಹಿಂದಕ್ಕೆ ಬಂದಳು.

ಒಂದು ಎಳೆಯೂ ಸಡಿಲಾಗಿರಲಿಲ್ಲ.