ಮಾಸ್ತರರ ಮೀಸಲು ಸಿಲಿಂಡರ್

ದೇವಿಂದ್ರಪ್ಪ ಮಾಸ್ತರರು ಬಸವಕಲ್ಯಾಣದ ಶಾಲೆಯಲ್ಲಿ ಮೂವತ್ತು ವರ್ಷ ಭೂಗೋಳ ಕಲಿಸಿ, ನಿವೃತ್ತರಾಗಿ ಹುಮನಾಬಾದಿಗೆ ಬಂದರು. ಶಾಲೆ ಬಿಟ್ಟರೂ ಪಾಠ ಬಿಡಲಿಲ್ಲ. ಚಹಾ ಕುಡಿಯುವವನೊಬ್ಬ ಎದುರು ಸಿಕ್ಕರೆ ಸಾಕು, ಶುರು: ಜಪಾನಿಗೆ ಎಣ್ಣೆಯೆಲ್ಲ ಹಡಗಿನಲ್ಲೇ ಬರಬೇಕು, ಅದಕ್ಕೇ ತಿಂಗಳುಗಟ್ಟಲೆ ಸಾಲುವಷ್ಟು ಕೂಡಿಡುತ್ತಾರೆ, ಫ್ರಾನ್ಸಿನವರು ಅಣುವನ್ನು ನಂಬಿದ್ದಾರೆ, ನಾರ್ವೆಯವರು ನೀರನ್ನು, ನಮ್ಮವರೂ ಮಂಗಳೂರಿನ ಕಡೆ ಬಂಡೆ ಕೊರೆದು ಕಚ್ಚಾ ತೈಲ ತುಂಬಿಟ್ಟಿದ್ದಾರೆ. ಅಷ್ಟರಲ್ಲಿ ಕೇಳುವವನ ಚಹಾ ತಣ್ಣಗಾಗಿರುತ್ತಿತ್ತು.

ದೇಶಕ್ಕೊಂದು ನೀತಿ ಇದ್ದ ಮೇಲೆ ಮನೆಗೂ ಒಂದು ಬೇಡವೇ? ಅಡುಗೆಮನೆಯಲ್ಲಿ ಗ್ಯಾಸು, ಪಕ್ಕದಲ್ಲಿ ಕರೆಂಟಿನ ಒಲೆ, ಹಿಂದಿನ ಕೋಣೆಯಲ್ಲಿ ಬೀಗ ಜಡಿದಿಟ್ಟ ತುಂಬಿದ ಸಿಲಿಂಡರ್. ಅದು ಮೀಸಲು, ಯಾರು ಕೇಳಿದರೂ ಕೊಡುವಂತಿಲ್ಲ. ಬೆಳಿಗ್ಗೆ ಎದ್ದವರೇ ಬೀಗ ಜಗ್ಗಿ ನೋಡಿ, ಆಮೇಲೆ ಮುಖ ತೊಳೆಯುತ್ತಿದ್ದರು.

ಈ ಸಲ ಎಲ್ಲೋ ದೂರದ ಸಮುದ್ರದಲ್ಲಿ ಹಡಗುಗಳು ನಿಂತು, ಊರಿಗೆ ಗ್ಯಾಸ್ ಬರುವುದು ತಡವಾಯಿತು. ಮಾಸ್ತರರ ಎದೆ ಉಬ್ಬಿತು. ಆಗಲೇ ಪಕ್ಕದ ಮನೆಯ ಹಜಿರಾ ಬೀ ಬಂದಳು. ಸೊಸೆ ಸಿಮ್ರಾನ್ ಹಡೆದು ನಾಲ್ಕು ದಿನ, ಕೂಸು ಬಾಣಂತಿಗೆ ನೀರು ಕಾಯಿಸಲು ಗ್ಯಾಸ್ ಇಲ್ಲ, ನಮ್ಮದು ಬಂದ ಕೂಡಲೇ ತಿರುಗಿ ಕೊಡುತ್ತೇನೆ ಎಂದಳು. ಮಾಸ್ತರರು ನೀತಿ ವಿವರಿಸಿದರು, ಜಪಾನಿನಿಂದ ಹಿಡಿದು. ಆಕೆ ಪೂರ್ತಿ ಕೇಳಿಸಿಕೊಂಡು ಬರಿಗೈಯಲ್ಲಿ ಹೋದಳು.

ಮುಂದಿನ ರವಿವಾರ ಮಗಳು ಧನಶ್ರೀಯನ್ನು ನೋಡಲು ಮಂಠಾಳದಿಂದ ಗಂಡಿನ ಕಡೆಯವರು ಬಂದರು. ಧನಶ್ರೀಗೆ ಹುಡುಗ ಫೋಟೋದಲ್ಲೇ ಹಿಡಿಸಿದ್ದ. ಹೆಣ್ಣಿನ ಮನೆಯ ಚಹಾ ಕುಡಿಯದೆ ಬೀಗರು ಮಾತು ತೆಗೆಯುವುದಿಲ್ಲ. ಚಹಾ ತಡವಾದರೆ ಈ ಕಡೆಯವರಿಗೆ ಮನಸ್ಸಿಲ್ಲ ಎಂದುಕೊಂಡು ಎದ್ದು ಹೋದವರೂ ಉಂಟು. ಹಾಲು ಇಟ್ಟರು, ಗ್ಯಾಸ್ ತೀರಿತು. ಕರೆಂಟು ಬೆಳಿಗ್ಗೆಯೇ ಹೋಗಿತ್ತು. ಮಾಸ್ತರರು ಗತ್ತಿನಿಂದ ಕೀಲಿ ತೆಗೆದು, ಕೋಣೆ ತೆರೆದು, ಸೊಂಟ ಬಿಗಿದು ಸಿಲಿಂಡರ್ ಎತ್ತಿದರು. ಒಂದೇ ಕೈಗೆ ಬಂತು.

ಹೆಂಡತಿ ಉಮಾದೇವಿ ಬಾಗಿಲಲ್ಲಿ ನಿಂತಿದ್ದಳು. ಎರಡನೇ ಕೀಲಿ ಯಾವತ್ತೂ ಅವಳ ಹತ್ತಿರವೇ ಇತ್ತು.

"ಅದು ಹಜಿರಾ ಬೀ ಮನಿ ಖಾಲಿದು ಐತ್ರಿ. ನಮ್ದು ಅವತ್ತೇ ಹಿತ್ತಲ ಬಾಗ್ಲಿಂದ ಕೊಟ್ಟೀನಿ. ಹಾಲಿನ ಪಾತೇಲಿನೂ ಈಗ ಅಲ್ಲೇ ಕಳಿಸೀನಿ."

ಇಷ್ಟು ದಿನ ಖಾಲಿ ಸಿಲಿಂಡರ್ ಕಾದೆನಲ್ಲ ಎಂದು ಮಾಸ್ತರರಿಗೆ ಸಿಟ್ಟು ಬಂತು. ಅದರ ಬೆನ್ನಿಗೇ ನಾಚಿಕೆ ಬಂತು, ಅದು ಸಿಟ್ಟಿಗಿಂತ ದೊಡ್ಡದಿತ್ತು. ಪಡಸಾಲೆಗೆ ಮರಳುವಷ್ಟರಲ್ಲಿ ಹಜಿರಾ ಬೀ ಹೊಗೆಯಾಡುವ ಚಹಾ ತಂದು ಎಲ್ಲರಿಗೂ ಕೊಡುತ್ತಿದ್ದಳು. ಬೀಗರು ಒಂದು ಗುಟುಕು ಕುಡಿದು, ಈಕೆ ಯಾರು ಎಂದು ಕೇಳಿದರು. ಮಾಸ್ತರರು ಕೈಯಲ್ಲಿದ್ದ ಕೀಲಿಯನ್ನು ಜೇಬಿಗೆ ಸರಿಸಿದರು.

"ನಾ ಬಾಜೂ ಮನಿಯಾಕಿ ರೀ. ನಮ್ಮ ಮೊಮ್ಮಗ ಗುರುಜಿ ಕೊಟ್ಟ ಗ್ಯಾಸಿನ ಮ್ಯಾಲೇ ಜಳಕ ಮಾಡಾಕತ್ತಾನ. ಭಾಳ ದೊಡ್ಡ ಮನಸ್ಸಿನವರು" ಎಂದಳು ಹಜಿರಾ ಬೀ.

ಬೀಗರು ಕಪ್ಪು ಕೆಳಗಿಟ್ಟು ಮಾಸ್ತರರಿಗೆ ಕೈ ಮುಗಿದರು. ಮಾಸ್ತರರು ತಲೆ ಎತ್ತಲೇ ಇಲ್ಲ.